ಕ್ರಿಸ್ಟಲ್ ಫಿಲ್ಟರ್ ಕಟ್ಟುವಾಗ ಎಲ್ಲಿ ಹಠ ಬೇಕು, ಎಲ್ಲಿ ಬೇಡ

ನನ್ನ ಮೇಜಿನ ಡ್ರಾಯರ್‌ನಲ್ಲಿ ಒಂದು ಪ್ಲಾಸ್ಟಿಕ್ ಡಬ್ಬಿ ಇದೆ. ಅದರ ತುಂಬ ರೇಡಿಯೊ ರಿಸೀವರ್‌ನ ಫಿಲ್ಟರ್ ಕಟ್ಟಲು ಇಟ್ಟ 10 ಮೆಗಾಹರ್ಟ್ಸ್ ಕ್ವಾರ್ಟ್ಜ್ ಕ್ರಿಸ್ಟಲ್‌ಗಳು. ಒಂದೊಂದರ ತಗಡಿನ ಮೇಲೂ ಸಣ್ಣ ಮೊನೆಯ ಮಾರ್ಕರ್‌ನಲ್ಲಿ ಮೂರಂಕಿ ಬರೆದಿದ್ದೇನೆ. 684, 702, 711, 695, ಹೀಗೆ. 9.996 ಮೆಗಾಹರ್ಟ್ಸ್ ಆದ ಮೇಲೆ ಉಳಿಯುವ ಹರ್ಟ್ಸ್ ಅವು. ನೋಡಿದವರು ಮೊದಲು ಕೇಳುವುದೇ ಇದನ್ನು: ಮೇಲೆ 10.000 ಅಂತ ಅಚ್ಚು ಹಾಕಿದ್ದಾರೆ, ನೀವು ನೋಡಿದರೆ 9.996 ಅಂತೀರಿ, ಕ್ರಿಸ್ಟಲ್ ಕೆಟ್ಟಿದೆಯಾ?

ಕೆಟ್ಟಿಲ್ಲ. ಆ ಅಚ್ಚು ಇರುವುದು ಮೈಕ್ರೊಕಂಟ್ರೋಲರ್‌ಗೆ ಕ್ಲಾಕ್ ಕಟ್ಟುವವರಿಗಾಗಿ. ಅಲ್ಲಿ ಕ್ರಿಸ್ಟಲ್ ಜೊತೆ 20 ಪಿಕೊಫ್ಯಾರಡ್ ಆಸುಪಾಸಿನ ಲೋಡ್ ಇರುತ್ತದೆ. ಆ ಲೋಡ್ ಕ್ರಿಸ್ಟಲ್ಲನ್ನು ಸುಮಾರು ಮೂರು ಕಿಲೊಹರ್ಟ್ಸ್ ಮೇಲಕ್ಕೆ ಎಳೆದು 10.000ಕ್ಕೆ ತಂದು ನಿಲ್ಲಿಸುತ್ತದೆ. ಫಿಲ್ಟರ್ ಕಟ್ಟುವವರಿಗೆ ಬೇಕಾದದ್ದು ಲೋಡ್ ಇಲ್ಲದಾಗ ಕ್ರಿಸ್ಟಲ್ ತಾನೇ ತಾನಾಗಿ ಅನುರಣಿಸುವ ಫ್ರೀಕ್ವೆನ್ಸಿ, ಅಂದರೆ ಸೀರೀಸ್ ರೆಸೊನೆನ್ಸ್. ಅದನ್ನು ಯಾರೂ ಅಚ್ಚು ಹಾಕಿ ಕೊಡುವುದಿಲ್ಲ. ನಾವೇ ಅಳೆದುಕೊಳ್ಳಬೇಕು.

ಈ ಪೋಸ್ಟ್ ಬರೆಯಲು ಕಾರಣ ಒಂದು ಸಣ್ಣ ಕಿರಿಕಿರಿ. ಹೋಮ್‌ಬ್ರೂ ಮಾಡುವ, ಅಂದರೆ ರೇಡಿಯೊ ತಾವೇ ಕಟ್ಟುವ ಹೊಸಬರು ಹಲವರು ಕ್ರಿಸ್ಟಲ್‌ಗಳನ್ನು 5 ಹರ್ಟ್ಸ್ ಒಳಗೆ ಹೊಂದಿಸಬೇಕು ಅಂತ ವಾರಗಟ್ಟಲೆ ಕೂರುತ್ತಾರೆ. ಆಮೇಲೆ ಆ ಫಿಲ್ಟರ್‌ನ ಎರಡೂ ತುದಿಗೆ ಸಿಕ್ಕಿದ್ದನ್ನು ಜೋಡಿಸಿಬಿಡುತ್ತಾರೆ. ರಿಸೀವರ್ ಆನ್ ಮಾಡಿದರೆ ಧ್ವನಿ ಡಬ್ಬದೊಳಗಿಂದ ಬಂದ ಹಾಗೆ. ಆಗ ಬೈಗುಳ ತಿನ್ನುವುದು ಪಾಪದ ಕ್ರಿಸ್ಟಲ್‌ಗಳು. ನನ್ನ ಪ್ರಕಾರ ಹಠ ಹಿಡಿಯಬೇಕಾದ ಜಾಗ ತುದಿಗಳು, ಅಂದರೆ ಫಿಲ್ಟರ್‌ನ ಒಳಬದಿ, ಹೊರಬದಿಗೆ ಎಷ್ಟು ಓಮ್ ಕಾಣುತ್ತದೆ ಅನ್ನುವುದು. ಉಳಿದ ಕಡೆ ಸ್ವಲ್ಪ ಸಡಿಲ ಬಿಟ್ಟರೂ ನಡೆಯುತ್ತದೆ. ಯಾಕೆ ಅಂತ ಹೇಳುತ್ತೇನೆ.

ಮೊದಲು, ಈ ಫಿಲ್ಟರ್ ಯಾಕೆ ಬೇಕು? ಸೂಪರ್‌ಹೆಟ್ ರಿಸೀವರ್‌ನಲ್ಲಿ ಆಂಟೆನಾದಿಂದ ಬಂದ ಸಿಗ್ನಲ್ಲನ್ನು ಐಎಫ್ ಎಂಬ ಒಂದು ಸ್ಥಿರವಾದ ಮಧ್ಯಂತರ ಫ್ರೀಕ್ವೆನ್ಸಿಗೆ ಇಳಿಸುತ್ತೇವೆ ಅಥವಾ ಏರಿಸುತ್ತೇವೆ. ಅಲ್ಲಿ ಬೇಕಾದ ಸಿಗ್ನಲ್ಲನ್ನಷ್ಟೇ ಒಳಗೆ ಬಿಡುವ ಒಂದು ಕಿಂಡಿ ಬೇಕು. ಎಸ್‌ಎಸ್‌ಬಿ (ಕ್ಯಾರಿಯರ್‌ನ ಒಂದೇ ಪಕ್ಕದ ಸೈಡ್‌ಬ್ಯಾಂಡ್ ಕಳಿಸುವ ಬಗೆ) ಮಾತಿಗೆ 2.4 ಕಿಲೊಹರ್ಟ್ಸ್ ಅಗಲ ಸಾಕು, ಸಿಡಬ್ಲ್ಯೂ ಅಂದರೆ ಮೋರ್ಸ್‌ಗೆ 500 ಹರ್ಟ್ಸ್. 10 ಮೆಗಾಹರ್ಟ್ಸ್‌ನಲ್ಲಿ 2.4 ಕಿಲೊಹರ್ಟ್ಸ್ ಅಂದರೆ ನಾಲ್ಕು ಸಾವಿರದಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಒಳ್ಳೆಯ ಟೊರಾಯ್ಡ್ ಮೇಲೆ ಸುತ್ತಿದ ಕಾಯಿಲ್‌ನ ಕ್ಯೂ, ಅಂದರೆ ಅನುರಣನ ಎಷ್ಟು ಚೂಪು ಅನ್ನುವ ಅಂಕಿ, ಇನ್ನೂರು, ಮುನ್ನೂರರ ಆಸುಪಾಸು ನಿಲ್ಲುತ್ತದೆ. ಅದರಿಂದ ಈ ಕೆಲಸ ಆಗುವುದಿಲ್ಲ. ಕ್ವಾರ್ಟ್ಜ್‌ನಿಂದ ಆಗುತ್ತದೆ. 1932ರಲ್ಲೇ ಜೇಮ್ಸ್ ಲ್ಯಾಂಬ್ ಐಎಫ್‌ನಲ್ಲಿ ಒಂದೇ ಒಂದು ಕ್ರಿಸ್ಟಲ್ ಇಟ್ಟು, ಸಿಡಬ್ಲ್ಯೂ ಸಿಗ್ನಲ್ ಎರಡೂ ಬದಿಯಲ್ಲಿ ಕೇಳುವ ಬದಲು ಒಂದೇ ಬದಿಯಲ್ಲಿ ಕೇಳುವ ರಿಸೀವರ್ ತೋರಿಸಿದ್ದರು. ನಾವು ಈಗ ಆರೋ ಎಂಟೋ ಸಾಲಾಗಿ ನಿಲ್ಲಿಸುತ್ತೇವೆ, ಅಷ್ಟೇ.

ಆ ತಗಡಿನ ಡಬ್ಬಿಯೊಳಗೆ ಇರುವುದು ಕ್ವಾರ್ಟ್ಜ್‌ನ ಒಂದು ತೆಳು ಬಿಲ್ಲೆ. ನಾವು ಬಳಸುವ ಬಹುತೇಕ ಕ್ರಿಸ್ಟಲ್‌ಗಳು ಎಟಿ ಕಟ್. ಅದರಲ್ಲಿ ದಪ್ಪವೇ ಫ್ರೀಕ್ವೆನ್ಸಿಯನ್ನು ತೀರ್ಮಾನಿಸುತ್ತದೆ. 10 ಮೆಗಾಹರ್ಟ್ಸ್ ಬಿಲ್ಲೆಯ ದಪ್ಪ ಸುಮಾರು 0.166 ಮಿಲಿಮೀಟರ್. ತೆಳುವಾದಷ್ಟೂ ಫ್ರೀಕ್ವೆನ್ಸಿ ಜಾಸ್ತಿ. ಎರಡನೇ ಮಹಾಯುದ್ಧದ ಕಾಲದ ಎಫ್‌ಟಿ-243 ಕ್ರಿಸ್ಟಲ್‌ಗಳನ್ನು ಹ್ಯಾಮ್‌ಗಳು, ಅಂದರೆ ಹವ್ಯಾಸಿ ರೇಡಿಯೊದವರು, ಸ್ಕ್ರೂ ಬಿಚ್ಚಿ, ಬಿಲ್ಲೆಯನ್ನು ಉಜ್ಜಿ ತಮಗೆ ಬೇಕಾದ ಫ್ರೀಕ್ವೆನ್ಸಿಗೆ ಏರಿಸಿಕೊಳ್ಳುತ್ತಿದ್ದರು. ಈಗಿನವು ಸೀಲ್ ಆಗಿ ಬರುತ್ತವೆ, ಒಳಗೆ ಕೈ ಹಾಕುವ ಹಾಗಿಲ್ಲ.

ಸರ್ಕ್ಯೂಟ್ ಲೆಕ್ಕಕ್ಕೆ ಈ ಬಿಲ್ಲೆ ಒಂದು ಇಂಡಕ್ಟರ್, ಒಂದು ಕೆಪಾಸಿಟರ್, ಒಂದು ರೆಸಿಸ್ಟರ್ ಸರಣಿಯಲ್ಲಿ ನಿಂತ ಹಾಗೆ. ಮೂರಕ್ಕೂ ಸಮಾಂತರವಾಗಿ ತಗಡು ಮತ್ತು ಎಲೆಕ್ಟ್ರೋಡುಗಳ ಮೂರೂವರೆ ಪಿಕೊಫ್ಯಾರಡ್ ಆಸುಪಾಸಿನ ಕೆಪಾಸಿಟನ್ಸ್. ನನ್ನ ಡಬ್ಬಿಯ ಕ್ರಿಸ್ಟಲ್‌ಗಳಲ್ಲಿ ಇಂಡಕ್ಟರ್ ಸುಮಾರು 16.5 ಮಿಲಿಹೆನ್ರಿ, ಕೆಪಾಸಿಟರ್ 0.0154 ಪಿಕೊಫ್ಯಾರಡ್, ರೆಸಿಸ್ಟರ್ 12 ಓಮ್. ಆ ಕೆಪಾಸಿಟರ್ ಅಂಕಿಯನ್ನು ಇನ್ನೊಮ್ಮೆ ಓದಿ. ಪಿಕೊಫ್ಯಾರಡ್‌ನ ನೂರನೇ ಒಂದೂವರೆ ಪಾಲು. ಎರಡು ತಂತಿ ಹತ್ತಿರ ಹಿಡಿದರೇ ಇದಕ್ಕಿಂತ ಜಾಸ್ತಿ ಬರುತ್ತದೆ. 10 ಮೆಗಾಹರ್ಟ್ಸ್‌ನಲ್ಲಿ 16.5 ಮಿಲಿಹೆನ್ರಿಯ ರಿಯಾಕ್ಟನ್ಸ್ ಹತ್ತು ಲಕ್ಷ ಓಮ್ ದಾಟುತ್ತದೆ. ಅದನ್ನು 12ರಿಂದ ಭಾಗಿಸಿದರೆ ಕ್ಯೂ 86,000 ಹತ್ತಿರ. ಕೈಯಲ್ಲಿ ಸುತ್ತಿ ಇದನ್ನು ಮಾಡುವ ಮಾತೇ ಇಲ್ಲ.

ಕ್ರಿಸ್ಟಲ್ ಕೊಳ್ಳುವಾಗ ಎರಡೇ ಮಾತು. ಒಂದು, ಎತ್ತರದ ತಗಡಿನವು, ಅಂದರೆ ಎಚ್‌ಸಿ-49/ಯು, ತೆಗೆದುಕೊಳ್ಳಿ. ಗಿಡ್ಡ ಜಾತಿ ಈಗ ಎಲ್ಲೆಡೆ ಸಿಗುತ್ತದೆ, ಆದರೆ ಅದರೊಳಗಿನ ಬಿಲ್ಲೆ ಸಣ್ಣದು. ಇಂಡಕ್ಟನ್ಸ್ ಜಾಸ್ತಿ, ಕ್ಯೂ ಕಡಿಮೆ, ಬೇಡದ ಕಡೆ ಸಣ್ಣ ಸಣ್ಣ ರೆಸೊನೆನ್ಸ್‌ಗಳ ಕಾಟ ಬೇರೆ. ಎಸ್‌ಎಸ್‌ಬಿ ಅಗಲಕ್ಕೆ ಅದನ್ನು ಹಿಗ್ಗಿಸುವುದು ಕಷ್ಟ. ಎರಡು, ಒಂದೇ ಬ್ಯಾಚ್‌ನವನ್ನು ಒಟ್ಟಿಗೆ ತೆಗೆದುಕೊಳ್ಳಿ, ಬೇಕಾದ್ದಕ್ಕಿಂತ ಮೂರು ಪಟ್ಟು. ಉಳಿದವು ದಂಡವಾಗುವುದಿಲ್ಲ. ಬಿಎಫ್ಒಗೆ (ಐಎಫ್‌ನಿಂದ ಕೇಳುವ ಧ್ವನಿ ತೆಗೆಯುವ ಆಸಿಲೇಟರ್‌ಗೆ) ಒಂದು ಬೇಕು, ಮುಂದಿನ ಫಿಲ್ಟರ್‌ಗೆ ಆರು ಬೇಕು.

10 ಮೆಗಾಹರ್ಟ್ಸೇ ಯಾಕೆ? ಸುಲಭವಾಗಿ ಸಿಗುತ್ತದೆ, ಅಷ್ಟೇ. ಅಶರ್ ಫರ್ಹಾನ್ ಅವರು ವಿನ್ಯಾಸ ಮಾಡಿದ, ಮನೆಯಲ್ಲೇ ಕಟ್ಟುವ ರೇಡಿಯೊ ಬಿಟ್‌ಎಕ್ಸ್‌ 20 ಕೂಡ ಇದೇ ಫ್ರೀಕ್ವೆನ್ಸಿಯ ಲ್ಯಾಡರ್ (ಏಣಿಯ ಹಾಗೆ ಜೋಡಿಸಿದ) ಫಿಲ್ಟರ್ ಇಟ್ಟುಕೊಂಡೇ ಎಷ್ಟೋ ಜನರ ಮೊದಲ ರಿಗ್ ಆಯಿತು. ಒಂದು ಎಚ್ಚರಿಕೆ ಮಾತ್ರ ಇದೆ: 10 ಮೆಗಾಹರ್ಟ್ಸ್‌ನಲ್ಲಿ ಸಮಯ ಸಾರುವ ಸ್ಟೇಷನ್‌ಗಳು ಇವೆ. ರಿಸೀವರ್‌ನ ಮುಂಭಾಗದ ಫಿಲ್ಟರ್ ಸಡಿಲವಾಗಿದ್ದರೆ ಅವು ನೇರ ಐಎಫ್‌ಗೆ ನುಗ್ಗಿ ಬರುತ್ತವೆ. ಇದರ ತಂಟೆ ಬೇಡ ಅಂದರೆ 9 ಮೆಗಾಹರ್ಟ್ಸ್ ಹಳೆಯ, ಒಳ್ಳೆಯ ಆಯ್ಕೆ. 5.2 ಮೆಗಾಹರ್ಟ್ಸ್‌ನ ಒಂದೇ ವಿಎಫ್ಒ (ಟ್ಯೂನ್ ಮಾಡುವ ಆಸಿಲೇಟರ್) ಇಟ್ಟುಕೊಂಡು ಕೂಡಿಸಿದರೆ 14.2, ಕಳೆದರೆ 3.8. ಎರಡು ಬ್ಯಾಂಡ್ ಪುಕ್ಕಟೆ.

ಈಗ ಅಳತೆ. ನಾನು ಬಳಸುವುದು ಹ್ಯಾಮ್ ಒಬ್ಬರ ಜಿ3ಯುಯುಆರ್ ಎಂಬ ಕಾಲ್‌ಸೈನ್‌ನಿಂದಲೇ ಹೆಸರಾದ ವಿಧಾನ. ಒಂದು ಟ್ರಾನ್ಸಿಸ್ಟರ್‌ನ ಕಾಲ್ಪಿಟ್ಸ್ ಆಸಿಲೇಟರ್, ಅದರ ಹಿಂದೆ ಒಂದು ಬಫರ್, ಮತ್ತೆ ಫ್ರೀಕ್ವೆನ್ಸಿ ಕೌಂಟರ್. ಆಸಿಲೇಟರ್‌ನ ಎರಡು ಕೆಪಾಸಿಟರ್ ದೊಡ್ಡವು, ತಲಾ 470 ಪಿಕೊಫ್ಯಾರಡ್. ಅವು ಅಷ್ಟು ದೊಡ್ಡದಾಗಿರುವುದರಿಂದ ಕ್ರಿಸ್ಟಲ್ ತನ್ನ ಸೀರೀಸ್ ರೆಸೊನೆನ್ಸ್‌ನ ಹತ್ತಿರದಲ್ಲೇ ಓಡುತ್ತದೆ. ಕ್ರಿಸ್ಟಲ್ ಜೊತೆ ಸರಣಿಯಲ್ಲಿ 33 ಪಿಕೊಫ್ಯಾರಡ್‌ನ ಒಂದು ಕೆಪಾಸಿಟರ್, ಅದನ್ನು ಶಾರ್ಟ್ ಮಾಡಲು ಒಂದು ಸಣ್ಣ ಸ್ವಿಚ್. ಸ್ವಿಚ್ ಮುಚ್ಚಿದಾಗ ಒಂದು ಫ್ರೀಕ್ವೆನ್ಸಿ, ತೆರೆದಾಗ ಇನ್ನೊಂದು. ಎರಡರ ವ್ಯತ್ಯಾಸದಲ್ಲೇ ಕ್ರಿಸ್ಟಲ್‌ನ ಗುಟ್ಟು ಇದೆ.

ಲೆಕ್ಕ ಸುಲಭ. 33ಕ್ಕೆ ಕ್ರಿಸ್ಟಲ್‌ನ ಸಮಾಂತರ ಕೆಪಾಸಿಟನ್ಸ್ 3.5 ಸೇರಿಸಿ, 36.5. ಅದನ್ನು ಎರಡರಿಂದ ಗುಣಿಸಿ, ಫ್ರೀಕ್ವೆನ್ಸಿ ವ್ಯತ್ಯಾಸದಿಂದ ಗುಣಿಸಿ, ಕ್ರಿಸ್ಟಲ್ ಫ್ರೀಕ್ವೆನ್ಸಿಯಿಂದ ಭಾಗಿಸಿ. ವ್ಯತ್ಯಾಸ 2,100 ಹರ್ಟ್ಸ್ ಬಂದರೆ ಉತ್ತರ 0.0153 ಪಿಕೊಫ್ಯಾರಡ್. ಅದರಿಂದ ಇಂಡಕ್ಟನ್ಸ್ ತಾನಾಗಿ ಸಿಗುತ್ತದೆ. ಎಲ್ಲಾ ಕ್ರಿಸ್ಟಲ್‌ಗೂ ಇದನ್ನು ಮಾಡುವ ಅಗತ್ಯವಿಲ್ಲ. ಬ್ಯಾಚ್‌ನಲ್ಲಿ ನಾಲ್ಕೈದನ್ನು ಹೀಗೆ ಅಳೆದು ಸರಾಸರಿ ತೆಗೆದರೆ ಸಾಕು. ಉಳಿದವಕ್ಕೆ ಬರೀ ಫ್ರೀಕ್ವೆನ್ಸಿ ಓದಿ ತಗಡಿನ ಮೇಲೆ ಬರೆಯಿರಿ.

ಓದುವಾಗ ಒಂದು ತಮಾಷೆ ಗಮನಿಸಿ. ಕ್ರಿಸ್ಟಲ್ಲನ್ನು ಬೆರಳಲ್ಲಿ ಹಿಡಿದು ಸಾಕೆಟ್‌ಗೆ ಸಿಕ್ಕಿಸಿದರೆ ಕೌಂಟರ್‌ನ ಕೊನೆಯ ಎರಡಂಕಿ ಒಂದು ಕಡೆಗೆ ಜಾರುತ್ತಲೇ ಇರುತ್ತವೆ. ಬೆರಳಿನ ಬಿಸಿ ಅದು. 10 ಮೆಗಾಹರ್ಟ್ಸ್‌ನಲ್ಲಿ ಹತ್ತು ಲಕ್ಷಕ್ಕೆ ಒಂದು ಪಾಲು ಅಂದರೆ 10 ಹರ್ಟ್ಸ್. ಎಟಿ ಕಟ್ ಎಷ್ಟೇ ಸ್ಥಿರ ಅಂದರೂ ಮೈ ಶಾಖಕ್ಕೆ ಅಷ್ಟು ಸರಿಯುವುದು ಏನೂ ದೊಡ್ಡದಲ್ಲ. ಹಾಗಾಗಿ ಪ್ಲಾಸ್ಟಿಕ್ ಚಿಮಟದಲ್ಲಿ ಹಿಡಿಯಿರಿ. ಫ್ಯಾನ್ ನಿಲ್ಲಿಸಿ. ಎಲ್ಲಾ ಕ್ರಿಸ್ಟಲ್‌ಗಳನ್ನೂ ಅಳೆಯುವ ಮೊದಲು ಅದೇ ಮೇಜಿನ ಮೇಲೆ ಸ್ವಲ್ಪ ಹೊತ್ತು ಹರಡಿಡಿ. ಸಿಕ್ಕಿಸಿದ ಮೇಲೆ ಅಂಕಿ ಸುಮ್ಮನಾಗುವ ತನಕ ಕಾಯಿರಿ, ಆಮೇಲೆ ಬರೆಯಿರಿ. ಮಾರ್ಕರ್ ಹಿಡಿದು ಹಾಗೇ ಸಾಕೆಟ್‌ನಲ್ಲೇ ಬರೆಯಲು ಹೋದರೆ ಕೈ ತಾಗಿ ಮತ್ತೆ ಜಾರುತ್ತದೆ. ಮೊದಲು ಕಾಗದದ ಮೇಲೆ, ಆಮೇಲೆ ತಗಡಿನ ಮೇಲೆ.

ಕೌಂಟರ್ ತೋರಿಸುವ ಅಂಕಿ ನಿಜಕ್ಕೂ ಎಷ್ಟು ಸರಿ ಅನ್ನುವ ಚಿಂತೆ ಬೇಡ. ಇಡೀ ಕೌಂಟರ್ 50 ಹರ್ಟ್ಸ್ ಆಚೀಚೆ ಇದ್ದರೂ ಎಲ್ಲಾ ಕ್ರಿಸ್ಟಲ್‌ಗೂ ಅದೇ ತಪ್ಪು ಬೀಳುತ್ತದೆ. ನಮಗೆ ಬೇಕಾದದ್ದು ಒಂದಕ್ಕೂ ಇನ್ನೊಂದಕ್ಕೂ ಇರುವ ಅಂತರ. ಅಳೆಯುವಷ್ಟು ಹೊತ್ತು ಕೌಂಟರ್ ಅಲುಗಾಡದಿದ್ದರೆ ಆಯಿತು.

ನ್ಯಾನೊವಿಎನ್‌ಎ (ಫ್ರೀಕ್ವೆನ್ಸಿ ಬದಲಿಸುತ್ತಾ ಗ್ರಾಫ್ ಬಿಡಿಸುವ ಪುಟ್ಟ ಅಳತೆ ಸಾಧನ) ಇದ್ದವರಿಗೆ ಇನ್ನೂ ಸಲೀಸು. ಕ್ರಿಸ್ಟಲ್ಲನ್ನು ಎರಡು ಪೋರ್ಟ್ ನಡುವೆ ಸಿಕ್ಕಿಸಿ ಕೆಲವೇ ಕಿಲೊಹರ್ಟ್ಸ್ ಅಗಲಕ್ಕೆ ಸ್ವೀಪ್ ಮಾಡಿ. ಶಿಖರ ಎಷ್ಟು ಡಿಬಿ ಕೆಳಗಿದೆ ಅನ್ನುವುದರಿಂದ ರೆಸಿಸ್ಟನ್ಸ್ ಗೊತ್ತಾಗುತ್ತದೆ. ಒಂದು ಡಿಬಿ ನಷ್ಟ ಅಂದರೆ ಸುಮಾರು 12 ಓಮ್. ಶಿಖರದಿಂದ 3 ಡಿಬಿ ಕೆಳಗಿನ ಎರಡು ಬಿಂದುಗಳ ನಡುವಿನ ಅಂತರದಿಂದ ಇಂಡಕ್ಟನ್ಸ್ ಗೊತ್ತಾಗುತ್ತದೆ. ನನ್ನ ಕ್ರಿಸ್ಟಲ್‌ಗಳಿಗೆ ಆ ಅಂತರ 1,080 ಹರ್ಟ್ಸ್ ಆಸುಪಾಸು ಬರುತ್ತದೆ. ಎರಡು ಪೋರ್ಟ್‌ನ 50, 50 ಮತ್ತು ಕ್ರಿಸ್ಟಲ್‌ನ 12 ಕೂಡಿಸಿ 112 ಓಮ್. ಅದನ್ನು ಎರಡು ಪೈ ಮತ್ತು 1,080ರಿಂದ ಭಾಗಿಸಿದರೆ ಮತ್ತೆ ಅದೇ 16.5 ಮಿಲಿಹೆನ್ರಿ. ಎರಡು ಬೇರೆ ದಾರಿಯಿಂದ ಒಂದೇ ಉತ್ತರ ಬಂದಾಗ ಮನಸ್ಸಿಗೆ ಸಮಾಧಾನ.

ಈಗ ಹೊಂದಿಸುವ ಪ್ರಶ್ನೆ. ಬ್ಯಾಂಡ್‌ವಿಡ್ತ್‌ನ ಹತ್ತನೇ ಒಂದು ಪಾಲಿನೊಳಗೆ ಕ್ರಿಸ್ಟಲ್‌ಗಳು ಇದ್ದರೆ ಸಾಕು ಅನ್ನುವುದು ಬಳಕೆಯಲ್ಲಿರುವ ಲೆಕ್ಕ. 2.4 ಕಿಲೊಹರ್ಟ್ಸ್ ಫಿಲ್ಟರ್‌ಗೆ ಅದು 240 ಹರ್ಟ್ಸ್! ನಾನು 50 ಹರ್ಟ್ಸ್ ಒಳಗೆ ಆರಿಸಿಕೊಳ್ಳುತ್ತೇನೆ, ಯಾಕೆಂದರೆ ಡಬ್ಬಿಯಲ್ಲಿ ಆಯ್ಕೆಗೆ ಸಾಕಷ್ಟು ಇವೆ. ಅದಕ್ಕಿಂತ ಬಿಗಿ ಮಾಡಿದರೆ ಗ್ರಾಫ್‌ನಲ್ಲಿ ವ್ಯತ್ಯಾಸ ಹುಡುಕಬೇಕು, ಕಿವಿಗಂತೂ ಗೊತ್ತೇ ಆಗುವುದಿಲ್ಲ. ಬೆಸುಗೆ ಹಾಕಿದ ಮೇಲೆ ಬೋರ್ಡ್‌ನ ಸ್ಟ್ರೇ ಕೆಪಾಸಿಟನ್ಸೇ ಒಂದೆರಡು ಪಿಕೊಫ್ಯಾರಡ್ ಆಟ ಆಡುತ್ತದೆ. ಅಲ್ಲಿ 5 ಹರ್ಟ್ಸ್‌ಗೆ ಏನು ಬೆಲೆ ಹೇಳಿ. ಸಿಡಬ್ಲ್ಯೂ ಫಿಲ್ಟರ್ ಬೇರೆ ವಿಷಯ. 500 ಹರ್ಟ್ಸ್ ಅಗಲಕ್ಕೆ 50 ಹರ್ಟ್ಸೇ ಮಿತಿ. ಅಲ್ಲಿ ನಾನೂ 20ರೊಳಗೆ ಇಳಿಯುತ್ತೇನೆ.

ಲ್ಯಾಡರ್ ಅಂದರೆ ಕ್ರಿಸ್ಟಲ್‌ಗಳು ಸಾಲಾಗಿ ಸರಣಿಯಲ್ಲಿ, ಪ್ರತಿ ಎರಡರ ನಡುವಿನಿಂದ ಒಂದು ಕೆಪಾಸಿಟರ್ ನೆಲಕ್ಕೆ. ಎಲ್ಲಾ ಕೆಪಾಸಿಟರ್ ಒಂದೇ ಮೌಲ್ಯದವು ಆದರೆ ಅದು ಕೋನ್ (Cohn) ಫಿಲ್ಟರ್. ಕೆಪಾಸಿಟರ್ ದೊಡ್ಡದಾದಷ್ಟೂ ಕಿಂಡಿ ಕಿರಿದು. ನನ್ನ ಕ್ರಿಸ್ಟಲ್‌ಗಳಿಗೆ 100 ಪಿಕೊಫ್ಯಾರಡ್ ಹಾಕಿದರೆ 2.4 ಕಿಲೊಹರ್ಟ್ಸ್ ಹತ್ತಿರ ಬರುತ್ತದೆ. ಮೈಕಾ ಅಥವಾ ಸಿ0ಜಿ ಸೆರಾಮಿಕ್, 5 ಪರ್ಸೆಂಟ್ ಸಾಕು. ಇಲ್ಲೂ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. 5 ಪರ್ಸೆಂಟ್ ಏರುಪೇರು ಅಂದರೆ ಅಗಲದಲ್ಲಿ ನೂರಿಪ್ಪತ್ತು ಹರ್ಟ್ಸ್ ಆಚೀಚೆ. ಮಾತು ಕೇಳುವವರಿಗೆ ಅದು ಲೆಕ್ಕಕ್ಕಿಲ್ಲ.

ಇಲ್ಲಿ ಒಂದು ಸೂಕ್ಷ್ಮ ಇದೆ, ನನಗೆ ಬಹಳ ಇಷ್ಟವಾದದ್ದು. ನಡುವಿನ ಪ್ರತಿ ಕ್ರಿಸ್ಟಲ್‌ಗೆ ಎಡಕ್ಕೊಂದು, ಬಲಕ್ಕೊಂದು ಕೆಪಾಸಿಟರ್ ಕಾಣುತ್ತದೆ. ಒಂದೊಂದೂ ಅದನ್ನು ಸುಮಾರು 770 ಹರ್ಟ್ಸ್ ಮೇಲಕ್ಕೆ ಎಳೆಯುತ್ತದೆ, ಎರಡೂ ಸೇರಿ 1,540. ಆದರೆ ತುದಿಯ ಕ್ರಿಸ್ಟಲ್‌ಗೆ ಒಂದೇ ಕಡೆ ಕೆಪಾಸಿಟರ್. ಅದು 770 ಮಾತ್ರ ಏರುತ್ತದೆ. ಅಂದರೆ ತುದಿಯವರು ಸಾಲಿನಿಂದ ಕೆಳಗೆ ಉಳಿದರು. ಅದನ್ನು ಸರಿ ಮಾಡಲು ತುದಿಯಲ್ಲಿ ಸರಣಿಗೆ ಇನ್ನೊಂದು 100 ಪಿಕೊಫ್ಯಾರಡ್ ಹಾಕುವುದು ಒಂದು ದಾರಿ. ಸೀರೀಸ್ ರೆಸೊನೆನ್ಸ್ ಅಷ್ಟೇ ಮೇಲಿರುವ ಕ್ರಿಸ್ಟಲ್ ಡಬ್ಬಿಯಲ್ಲಿ ಸಿಕ್ಕರೆ ಅದನ್ನು ತುದಿಗೆ ನಿಲ್ಲಿಸುವುದು ಇನ್ನೊಂದು.

ಮೂರನೆಯದು ಕ್ಯೂಇಆರ್ ಎಂಬ ವಿನ್ಯಾಸ. ಇದೂ ಜಿ3ಯುಯುಆರ್ ಅವರದ್ದೇ. ಎರಡೂ ತುದಿಯಲ್ಲಿ ಒಂದರ ಬದಲು ಎರಡು ಕ್ರಿಸ್ಟಲ್ ಸಮಾಂತರವಾಗಿ ಹಾಕಿಬಿಡುವುದು. ಎರಡು ಸಮಾಂತರ ಅಂದರೆ ಇಂಡಕ್ಟನ್ಸ್ ಅರ್ಧ, ಒಳಗಿನ ಕೆಪಾಸಿಟನ್ಸ್ ಎರಡು ಪಟ್ಟು. ಹಾಗಾಗಿ ಅದೇ ಒಂದು 100 ಪಿಕೊಫ್ಯಾರಡ್ ಈ ಜೋಡಿಯನ್ನು ಎರಡು ಪಟ್ಟು ಎಳೆಯುತ್ತದೆ. 770ರ ಬದಲು 1,540. ನಡುವಿನವರ ಸಾಲಿಗೆ ತಾನಾಗಿ ಬಂದು ನಿಂತಿತು! ಹೆಚ್ಚುವರಿ ಕೆಪಾಸಿಟರ್ ಇಲ್ಲ, ವಿಶೇಷ ಮೌಲ್ಯಗಳಿಲ್ಲ. ಜೊತೆಗೆ ಕೋನ್ ಫಿಲ್ಟರ್‌ನ ಪಾಸ್‌ಬ್ಯಾಂಡ್ (ಕಿಂಡಿ) ಅಂಚಿನಲ್ಲಿ ಬರುವ ಏರುತಗ್ಗು ಕೂಡ ತಗ್ಗುತ್ತದೆ. ಆರು ಹಂತಕ್ಕೆ ಎಂಟು ಕ್ರಿಸ್ಟಲ್ ಖರ್ಚು, ಅಷ್ಟೇ. ಡಿಶಾಲ್ ಎಂಬ ಉಚಿತ ಪ್ರೋಗ್ರಾಂ ಇದೆ, ಕ್ರಿಸ್ಟಲ್‌ನ ಅಂಕಿಗಳನ್ನು ಕೊಟ್ಟರೆ ಇನ್ನೂ ಚೊಕ್ಕವಾದ ಚೆಬಿಷೆವ್ ವಿನ್ಯಾಸ ಕೊಡುತ್ತದೆ. ಆದರೆ ಅದು ಕೊಡುವ ಕೆಪಾಸಿಟರ್ ಮೌಲ್ಯಗಳು 87.3, 118.6 ಅಂತ ಬರುತ್ತವೆ. ಎರಡೆರಡು ಜೋಡಿಸಿ ಅದನ್ನು ತಲುಪುವುದಕ್ಕಿಂತ ನನಗೆ ಕ್ಯೂಇಆರ್ ಆರಾಮ.

ಸರಿ, ಬೋರ್ಡ್ ಮೇಲೆ ಕಟ್ಟಿದಿರಿ ಅಂತಿಟ್ಟುಕೊಳ್ಳಿ. ಈಗ ಬರುತ್ತದೆ ನಾನು ಹೇಳಬೇಕೆಂದಿದ್ದ ಜಾಗ.

ಗೆಳೆಯರೊಬ್ಬರು ತಮ್ಮ ಹೊಸ ಫಿಲ್ಟರ್ ತಂದು ನ್ಯಾನೊವಿಎನ್‌ಎಗೆ ನೇರ ಸಿಕ್ಕಿಸಿ ತೋರಿಸಿದರು. ತೆರೆಯ ಮೇಲೆ ಚಪ್ಪಟೆ ತಲೆಯ ಬದಲು ಐದಾರು ಕೋಡು. ಕೋಡುಗಳ ನಡುವೆ ಆಳದ ಹಳ್ಳ. "ಕ್ರಿಸ್ಟಲ್ ಮ್ಯಾಚ್ ಆಗಿಲ್ಲ ಓಎಂ, ಪೂರ್ತಿ ಬಿಚ್ಚಬೇಕು," ಅಂದರು (ಓಎಂ ಅಂದರೆ ಹ್ಯಾಮ್‌ಗಳ ಮಾತಲ್ಲಿ ಗೆಳೆಯ). "ಬಿಚ್ಚಬೇಡಿ, ಐದು ನಿಮಿಷ ಕೊಡಿ," ಅಂದೆ. ಫಿಲ್ಟರ್‌ನ ಎರಡೂ ಬದಿಗೆ ಸರಣಿಯಲ್ಲಿ 500 ಓಮ್‌ನ ಒಂದೊಂದು ಟ್ರಿಮ್ ಪಾಟ್ ಬೆಸೆದೆ. ಸಣ್ಣ ಸ್ಕ್ರೂಡ್ರೈವರ್‌ನಲ್ಲಿ ಎರಡನ್ನೂ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ ಹೋದೆ. ಮೊದಲು ಹಳ್ಳಗಳು ತುಂಬಿಕೊಂಡವು. ಆಮೇಲೆ ನಡುವಿನ ಕೋಡುಗಳು ಕರಗಿದವು. ಕೊನೆಗೆ ಎರಡು ಅಂಚಿನ ಕಿವಿಗಳು ತಗ್ಗಿ, ತಲೆ ಸಪಾಟಾಯಿತು. ಇನ್ನೂ ತಿರುಗಿಸಿದರೆ ತಲೆ ದುಂಡಗಾಗಿ ಭುಜ ಜಾರಲು ಶುರು. ಒಂದು ಚೂರು ಹಿಂದಕ್ಕೆ ತಂದು ನಿಲ್ಲಿಸಿದೆ. ಒಂದು ಕ್ರಿಸ್ಟಲ್ಲನ್ನೂ ಮುಟ್ಟಲಿಲ್ಲ.

ಪಾಟ್‌ಗಳನ್ನು ಬಿಚ್ಚಿ ಮೀಟರ್‌ನಲ್ಲಿ ಅಳೆದರೆ ಎರಡೂ 150 ಓಮ್ ಹತ್ತಿರ. ವಿಎನ್‌ಎಯ 50 ಸೇರಿಸಿದರೆ 200. ಆ ಫಿಲ್ಟರ್ ಕಾಣಬಯಸುವ ತುದಿ 200 ಓಮ್, ನಾವು ತೋರಿಸುತ್ತಿದ್ದದ್ದು 50. ಪಾಪ, ಅದು ಇನ್ನೇನು ಮಾಡೀತು? ತುದಿಯ ರೆಸಿಸ್ಟನ್ಸ್ ಫಿಲ್ಟರ್‌ನ ಹೊರಗಿನ ವಸ್ತು ಅಂತ ನಾವು ಅಂದುಕೊಳ್ಳುತ್ತೇವೆ. ಅದು ಫಿಲ್ಟರ್‌ನದೇ ಒಂದು ಅಂಗ. ಕೊನೆಯ ಕ್ರಿಸ್ಟಲ್‌ಗೆ ಎಷ್ಟು ಭಾರ ಹೊರಿಸಬೇಕು ಅನ್ನುವುದನ್ನು ಅದೇ ತೀರ್ಮಾನಿಸುತ್ತದೆ. ಕ್ರಿಸ್ಟಲ್‌ಗಳು 5 ಹರ್ಟ್ಸ್ ಒಳಗೆ ಹೊಂದಿದ್ದು ತುದಿ ನಾಲ್ಕು ಪಟ್ಟು ತಪ್ಪಿದ್ದರೆ ಕೋಡು ಗ್ಯಾರಂಟಿ. ಕ್ರಿಸ್ಟಲ್‌ಗಳು 100 ಹರ್ಟ್ಸ್ ಆಚೀಚೆ ಇದ್ದು ತುದಿ ಸರಿ ಇದ್ದರೆ ಕೇಳಲು ಚೆಂದದ ಎಸ್‌ಎಸ್‌ಬಿ ಫಿಲ್ಟರ್ ಸಿಗುತ್ತದೆ.

ಪಾಟ್ ಇಟ್ಟು ನೋಡುವಾಗ ಇಡೀ ಗ್ರಾಫ್ ಕೆಳಗಿಳಿಯುತ್ತದೆ, ಹೆದರಬೇಡಿ. ಎರಡು ಕಡೆ 150 ಓಮ್ ಇದ್ದರೆ ಒಂಚೂರೂ ನಷ್ಟವಿಲ್ಲದ ಫಿಲ್ಟರ್ ಕೂಡ 12 ಡಿಬಿ ಕೆಳಗೆ ಕಾಣುತ್ತದೆ. ನಿಮ್ಮದು 15 ತೋರಿಸಿದರೆ ಫಿಲ್ಟರ್‌ನ ನಿಜವಾದ ನಷ್ಟ 3 ಡಿಬಿ. ಒಳ್ಳೆಯದೇ.

ರಿಗ್‌ನೊಳಗೆ ಪಾಟ್ ಇಡುವ ಹಾಗಿಲ್ಲ, ಸಿಗ್ನಲ್ ದಂಡ. ಅಲ್ಲಿ ಟ್ರಾನ್ಸ್‌ಫಾರ್ಮರ್ ಬೇಕು. 50ರಿಂದ 200ಕ್ಕೆ ನಾಲ್ಕು ಪಟ್ಟು, ಅಂದರೆ ಸುತ್ತುಗಳು ಒಂದಕ್ಕೆ ಎರಡು. ಎಫ್‌ಟಿ37-43 ಟೊರಾಯ್ಡ್ ಮೇಲೆ 5 ಸುತ್ತು ಒಂದು, 10 ಸುತ್ತು ಇನ್ನೊಂದು. ಸಾಕು. ಆದರೆ ಆ 50 ನಿಜವಾಗಿಯೂ 50 ಇರಬೇಕಲ್ವಾ? ಸಿಗ್ನಲ್ಲನ್ನು ಐಎಫ್‌ಗೆ ತರುವ ಡಯೋಡ್ ರಿಂಗ್ ಮಿಕ್ಸರನ್ನು ನೇರ ಫಿಲ್ಟರ್‌ಗೆ ಸೇರಿಸಿದರೆ ಅದು 50 ಅಲ್ಲ. ಪಾಸ್‌ಬ್ಯಾಂಡ್‌ನ ಒಳಗೊಂದು, ಹೊರಗೊಂದು ಇಂಪೀಡೆನ್ಸ್ ತೋರಿಸುವ ಫಿಲ್ಟರ್ ಮಿಕ್ಸರ್‌ಗೂ ಇಷ್ಟವಾಗುವುದಿಲ್ಲ. ಎರಡರ ನಡುವೆ ಫೀಡ್‌ಬ್ಯಾಕ್ ಇರುವ ಒಂದು ಆಂಪ್ಲಿಫೈಯರ್, ಅದರ ಹಿಂದೆ 3 ಅಥವಾ 6 ಡಿಬಿ ಪ್ಯಾಡ್. ಮೂರು ರೆಸಿಸ್ಟರ್‌ಗಳ ಆ ಪ್ಯಾಡ್ ಹಾಕಲು ಜನ ಜಿಪುಣತನ ಮಾಡುತ್ತಾರೆ. ಸಿಗ್ನಲ್ ಹೋಗುತ್ತದಲ್ಲ ಅಂತ. ಹೋಗಲಿ. ಆಂಪ್ಲಿಫೈಯರ್ ಅದನ್ನು ವಾಪಸ್ ಕೊಡುತ್ತದೆ. ಕೆಟ್ಟ ತುದಿ ಹಾಳು ಮಾಡಿದ ಪಾಸ್‌ಬ್ಯಾಂಡ್‌ನ ಆಕಾರವನ್ನು ಮಾತ್ರ ಯಾವ ಆಂಪ್ಲಿಫೈಯರೂ ವಾಪಸ್ ಕೊಡುವುದಿಲ್ಲ.

ಕಟ್ಟುವ ಕೆಲಸದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ತಾಮ್ರದ ಬೋರ್ಡ್ ಮೇಲೆ ನೇರ ಸಾಲಾಗಿ ಕಟ್ಟಿ, ಒಳಬರುವ ತುದಿ ಒಂದು ಕೊನೆಗೆ, ಹೊರಹೋಗುವುದು ಇನ್ನೊಂದು ಕೊನೆಗೆ. ಜಾಗ ಉಳಿಸಲು ಯು ಆಕಾರಕ್ಕೆ ಮಡಿಸಬೇಡಿ, ಸಿಗ್ನಲ್ ಫಿಲ್ಟರ್ ದಾಟುವ ಬದಲು ಪಕ್ಕದಿಂದ ಹಾರಿ ಹೋಗುತ್ತದೆ. ಎಲ್ಲಾ ತಗಡುಗಳನ್ನೂ ಒಂದು ತಂತಿಯಿಂದ ನೆಲಕ್ಕೆ ಬೆಸೆಯಿರಿ, ಬುಡದ ಅಂಚಿನಲ್ಲಿ, ಬಿಸಿ ಇಕ್ಕುಳ ತಾಗಿದ ಹಾಗೆ ಚಕ್ಕನೆ. ತುಂಬ ಹೊತ್ತು ಕಾಯಿಸಿದರೆ ಒಳಗಿನ ಬಿಲ್ಲೆಗೆ ಕೆಡುಕು. ನ್ಯಾನೊವಿಎನ್‌ಎಯಲ್ಲಿ ಸುಮಾರು 70 ಡಿಬಿ ಕೆಳಗಿನದು ಕಾಣುವುದಿಲ್ಲ. ಹಾಗಾಗಿ ಕೊನೆಯ ತಳ ಹೇಗಿದೆ ಅಂತ ನೋಡಲು ಒಂದು ಸಿಗ್ನಲ್ ಜನರೇಟರ್ ಮತ್ತು ಎಸ್ ಮೀಟರ್ ಇರುವ ರಿಸೀವರ್ ಬೇಕು.

ಗ್ರಾಫ್ ನೋಡಿದಾಗ ಇನ್ನೊಂದು ಕಣ್ಣಿಗೆ ಬೀಳುತ್ತದೆ. ಎರಡು ಬದಿಯ ಇಳಿಜಾರು ಒಂದೇ ಸಮ ಇಲ್ಲ. ಮೇಲಿನ ಫ್ರೀಕ್ವೆನ್ಸಿ ಕಡೆ ಕಡಿದಾದ ಬಂಡೆ, ಕೆಳಗಿನ ಕಡೆ ನಿಧಾನದ ಇಳಿತ. ತಪ್ಪಲ್ಲ, ಈ ಲ್ಯಾಡರ್‌ನ ಸ್ವಭಾವವೇ ಅದು. ತಗಡಿನ ಸಮಾಂತರ ಕೆಪಾಸಿಟನ್ಸ್‌ನಿಂದ ಪ್ರತಿ ಕ್ರಿಸ್ಟಲ್‌ಗೂ ಪಾಸ್‌ಬ್ಯಾಂಡ್ ಮೇಲೆ ಒಂದು ಪ್ಯಾರಲಲ್ ರೆಸೊನೆನ್ಸ್ ಇದೆ, ಅಲ್ಲಿ ಕ್ರಿಸ್ಟಲ್ ಬಾಗಿಲು ಮುಚ್ಚುತ್ತದೆ. ಇದನ್ನು ನಮ್ಮ ಲಾಭಕ್ಕೆ ಬಳಸಿಕೊಳ್ಳಬಹುದು. ಬಿಎಫ್ಒವನ್ನು ಕಡಿದಾದ ಕಡೆ, ಮೇಲಂಚಿನಿಂದ ಸುಮಾರು 300 ಹರ್ಟ್ಸ್ ಆಚೆ ಇಡಿ, ಇಳಿಜಾರಿನಲ್ಲಿ 20 ಡಿಬಿ ಆಸುಪಾಸು ಇಳಿದ ಜಾಗ. ಆಗ ಬೇಡದ ಸೈಡ್‌ಬ್ಯಾಂಡ್ ಬಂಡೆಯ ಆಚೆ ಬೀಳುತ್ತದೆ. ನಿಧಾನದ ಇಳಿತ ಮಾತಿನ ಮೇಲಿನ ಸ್ವರಗಳ ಕಡೆ ಬರುತ್ತದೆ, ಅಲ್ಲಿ ಅದು ಕಿವಿಗೆ ಹಿತವೇ.

ಇದರಿಂದ ಐಎಫ್‌ನಲ್ಲಿ ನಿಮ್ಮ ಫಿಲ್ಟರ್ ಲೋಯರ್ ಸೈಡ್‌ಬ್ಯಾಂಡ್‌ನದು ಆಯಿತು. 20 ಮೀಟರ್ (14 ಮೆಗಾಹರ್ಟ್ಸ್) ಬ್ಯಾಂಡ್‌ನಲ್ಲಿ ಅಪ್ಪರ್ ಕೇಳಬೇಕಾದರೆ? ಮಿಕ್ಸರ್‌ಗೆ ಕೊಡುವ ಲೋಕಲ್ ಆಸಿಲೇಟರ್ 24 ಮೆಗಾಹರ್ಟ್ಸ್‌ನಲ್ಲಿ ಓಡಲಿ. ಅದರಿಂದ ಸಿಗ್ನಲ್ ಕಳೆದು ಐಎಫ್ ಬರುವಾಗ ಸೈಡ್‌ಬ್ಯಾಂಡ್ ತಲೆಕೆಳಗಾಗುತ್ತದೆ, ಅಪ್ಪರ್ ಲೋಯರ್ ಆಗಿ ಫಿಲ್ಟರ್‌ಗೆ ಬರುತ್ತದೆ. 40 ಮೀಟರ್ (7 ಮೆಗಾಹರ್ಟ್ಸ್) ಬ್ಯಾಂಡ್‌ನ ಲೋಯರ್‌ಗೆ ಆಸಿಲೇಟರ್ 2.9 ಮೆಗಾಹರ್ಟ್ಸ್ ಆಸುಪಾಸು ಓಡಿಸಿ ಕೂಡಿಸಿಕೊಳ್ಳಿ, ತಲೆಕೆಳಗಾಗುವುದಿಲ್ಲ. ಬೇಕಾದ ಫ್ರೀಕ್ವೆನ್ಸಿ ಹುಟ್ಟಿಸುವ ಎಸ್‌ಐ5351 ಚಿಪ್ ಇದ್ದ ಮೇಲೆ ಇದೆಲ್ಲ ಒಂದು ಸಾಲಿನ ಕೋಡ್.

ಸಿಡಬ್ಲ್ಯೂ ಪ್ರಿಯರಿಗೆ ಒಂದು ಮಾತು. ಇದೇ 10 ಮೆಗಾಹರ್ಟ್ಸ್ ಕ್ರಿಸ್ಟಲ್‌ನಲ್ಲಿ 500 ಹರ್ಟ್ಸ್ ಕಿಂಡಿ ಮಾಡಿದರೆ ನಷ್ಟ ಜಾಸ್ತಿ. 10 ಮೆಗಾಹರ್ಟ್ಸನ್ನು 500ರಿಂದ ಭಾಗಿಸಿದರೆ 20,000. ಕ್ರಿಸ್ಟಲ್‌ನ ಕ್ಯೂ ಅದರ ನಾಲ್ಕು ಪಟ್ಟು ಚಿಲ್ಲರೆ ಮಾತ್ರ. ಅಷ್ಟು ಕಡಿಮೆ ಅಂತರದಲ್ಲಿ ಫಿಲ್ಟರ್‌ನ ಅಂಚುಗಳು ಸವೆದು ದುಂಡಗಾಗುತ್ತವೆ. 4.9152 ಮೆಗಾಹರ್ಟ್ಸ್ ಕ್ರಿಸ್ಟಲ್ ತೆಗೆದುಕೊಳ್ಳಿ, ಆ ಅಂತರ ಎರಡು ಪಟ್ಟಿಗಿಂತ ಹಿಗ್ಗುತ್ತದೆ. ಮತ್ತೆ ಎಂಟು ಹಂತದ ಹುಚ್ಚು ಬೇಡ. ಕಿರಿದಾದ, ಕಡಿದಾದ ಫಿಲ್ಟರ್‌ನಲ್ಲಿ ಮೋರ್ಸ್‌ನ ಪ್ರತಿ ಡಿಟ್ (ಚುಕ್ಕಿ) ಕೂಡ ಬಾವಿಯೊಳಗೆ ತಲೆ ಹಾಕಿ ಕೂಗಿದ ಹಾಗೆ ಗುಂಯ್‌ಗುಡುತ್ತದೆ. ಗ್ರಾಫ್ ನೋಡಲು ಬಲು ಚೆಂದ, ಒಂದು ಗಂಟೆ ಹೆಡ್‌ಫೋನ್ ಹಾಕಿಕೊಂಡರೆ ತಲೆನೋವು. ನಾಲ್ಕೈದು ಹಂತ, ತಲೆ ಸ್ವಲ್ಪ ದುಂಡಗಿದ್ದರೂ ಪರವಾಗಿಲ್ಲ. ಎಸ್‌ಎಸ್‌ಬಿಯಲ್ಲಿ ನಾನು ಬೈದ ಆ ದುಂಡು ತಲೆ ಇಲ್ಲಿ ಗುಣ.

ಈಗ ಬೆಂಚ್ ಮೇಲೆ ಇರುವುದು ಬೇರೆ ಆಟ. 100 ಪಿಕೊಫ್ಯಾರಡ್‌ಗಳ ಜಾಗಕ್ಕೆಲ್ಲ ವ್ಯಾರಿಕ್ಯಾಪ್ ಡಯೋಡ್ (ವೋಲ್ಟೇಜ್ ಬದಲಿಸಿದರೆ ಕೆಪಾಸಿಟನ್ಸ್ ಬದಲಾಗುವಂಥದ್ದು) ಹಾಕಿ, ಒಂದು ನಾಬ್ ತಿರುಗಿಸಿದರೆ ಕಿಂಡಿ ಕಿರಿದಾಗುವ ಫಿಲ್ಟರ್. ಕಿರಿದಾಗುವುದು ಆಗುತ್ತದೆ. ಆದರೆ ಈ ಲ್ಯಾಡರ್‌ನಲ್ಲಿ ಕೆಳಗಿನ ಅಂಚು ಕ್ರಿಸ್ಟಲ್‌ಗಳ ಸೀರೀಸ್ ರೆಸೊನೆನ್ಸ್‌ಗೆ ಅಂಟಿಕೊಂಡು ಬಹುತೇಕ ನಿಂತಲ್ಲೇ ಇರುತ್ತದೆ, ಇಳಿದು ಬರುವುದು ಮೇಲಂಚು. ನನ್ನ ಬಿಎಫ್ಒ ಇರುವುದೇ ಆ ಕಡೆ. ಹಾಗಾಗಿ ನಾಬ್ ತಿರುಗಿಸಿದರೆ ಮಾತಿನ ಕೆಳಸ್ವರಗಳು ಮೊದಲು ಮಾಯ. ಬಿಎಫ್ಒವನ್ನೂ ಜೊತೆಗೇ ಇಳಿಸಬೇಕು, ಲೋಕಲ್ ಆಸಿಲೇಟರನ್ನೂ ಅಷ್ಟೇ ಇಳಿಸಬೇಕು. ಅದು ಕೋಡ್‌ನಲ್ಲಿ ಆಗುವ ಕೆಲಸ. ಆಗದೇ ಉಳಿದಿರುವುದು ತುದಿ. ಅಗಲ ಅರ್ಧವಾದರೆ ತುದಿಯ 200 ಓಮ್ ಕೂಡ 100 ಆಗಬೇಕು, ಟೊರಾಯ್ಡ್ ಮೇಲಿನ ಸುತ್ತು ನಾಬ್ ತಿರುಗಿಸಿದ ಹಾಗೆ ಬದಲಾಗುವುದಿಲ್ಲ. ಸದ್ಯಕ್ಕೆ 1.8 ಕಿಲೊಹರ್ಟ್ಸ್‌ಗೆ ಸರಿಹೋಗುವ ತುದಿ ಇಟ್ಟು, ಎರಡೂ ಕಡೆಗೆ ಸ್ವಲ್ಪ ರಾಜಿ ಮಾಡಿಕೊಂಡಿದ್ದೇನೆ. ಪಿನ್ ಡಯೋಡ್ ಅಥವಾ ಸಣ್ಣ ರಿಲೇ ಹಾಕಿ ಎರಡು ಟ್ರಾನ್ಸ್‌ಫಾರ್ಮರ್ ನಡುವೆ ಬದಲಾಯಿಸುವ ಯೋಚನೆ ಇದೆ. ಯಾರಾದರೂ ಇದನ್ನು ಬೇರೆ ದಾರಿಯಲ್ಲಿ ಬಗೆಹರಿಸಿಕೊಂಡಿದ್ದರೆ ಸರ್ಕ್ಯೂಟ್ ಕಳಿಸಿ.